ಬೇಸ್ ಗಿಟಾರ್ ಮಾರುವ ಮುನ್ನ ಅದಕ್ಕೆ ದನಿ ಬರಿಸಿ

ಬೆಳಗಾವಿಯಲ್ಲಿ ಹಳೆಯ ಹಾರ್ಮೋನಿಯಂ ಮಾರುವುದು ತಲೆನೋವಿನ ಕೆಲಸವಲ್ಲ. ಪಂಡಿತ ರಾಮಭಾವು ವಿಜಾಪುರೆ ಅವರಂಥ ಗುರುಗಳು ಪೆಟ್ಟಿಗೆ ಕಲಿಸಿದ ಊರಿದು. ಶಹಾಪುರದಲ್ಲೋ ಟಿಳಕವಾಡಿಯಲ್ಲೋ ಒಬ್ಬ ಸಂಗೀತ ಮಾಸ್ತರರ ಕಿವಿಗೆ ಹಾಕಿದರೆ ಸಾಕು, ಕೇಳಿಕೊಂಡು ಬರುವವರು ಬರುತ್ತಾರೆ. ತಂಬೂರಿಯಾದರೆ ರೈಲು ಹತ್ತಿ ಮೀರಜ್‌ಗೆ ಹೋಗಬಹುದು. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಬೇಸ್ ಗಿಟಾರ್? ಅದನ್ನು ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು ಎಂದು ಹೇಳುವ ಮಾಸ್ತರರು ಯಾವ ಗಲ್ಲಿಯಲ್ಲೂ ಸಿಗುವುದಿಲ್ಲ.

ಮಾರುವವರಿಗಂತೂ ಕೊರತೆಯಿಲ್ಲ. ಕಾಲೇಜು ಬ್ಯಾಂಡಿನಲ್ಲಿ, ಕ್ಯಾಂಪ್‌ ಭಾಗದ ಚರ್ಚಿನ ಗಾಯನ ತಂಡದಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹವ್ಯಾಸಕ್ಕೆಂದು ನುಡಿಸಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ನಾಲ್ಕು ಕಿಲೋ ಭಾರದ ವಾದ್ಯ ಹೆಗಲಿಗೆ ಹಾಕಿದರೆ ಕತ್ತು ಹಿಡಿಯುತ್ತದೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ಮನೆ ಚಿಕ್ಕದಾಗಿದೆ. ಅಟ್ಟದ ಮೇಲೆ ಎರಡೋ ಮೂರೋ ಬೇಸ್, ಮೂಲೆಯಲ್ಲಿ ಒಂದು ಆಂಪ್, ಡಬ್ಬಿ ತುಂಬ ಪೆಡಲ್, ಕೇಬಲ್. ಇಂಥವರು ನೀವಾಗಿದ್ದರೆ ಈ ಲೇಖನ ನಿಮಗೆ.

ಬೇಸ್ ಗಿಟಾರ್ ಏನೆಂದು ಮನೆಯವರಿಗೆ ತಿಳಿಸಬೇಕಾದರೆ ಆರ್. ಡಿ. ಬರ್ಮನ್ ವಾದ್ಯವೃಂದದಲ್ಲಿ ಟೋನಿ ವಾಝ್, ಎ. ಆರ್. ರೆಹಮಾನ್ ಹಾಡುಗಳಲ್ಲಿ ಕೀತ್ ಪೀಟರ್ಸ್ ನುಡಿಸಿದ್ದನ್ನು ಕೇಳಿಸಿ. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಶನ್ ಬೇಸ್‌ನ ನಾಲ್ಕು ತಂತಿ, 34 ಇಂಚಿನ ಅಳತೆ ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆಯಾಗಿ ಉಳಿದಿದೆ. ಇದು ಮಾರುವವರಿಗೆ ಅನುಕೂಲ. ಹಳತಾಯಿತೆಂಬ ಒಂದೇ ಕಾರಣಕ್ಕೆ ಬೇಸ್ ನಿರುಪಯೋಗಿ ಆಗುವುದಿಲ್ಲ.

ಬೆಲೆ ಬೀಳುವುದು ಎಲ್ಲಿ?

ಸುಮ್ಮನೆ ಇಟ್ಟ ವಾದ್ಯದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಶ್ರುತಿ ಕೂಡಿಸಿದ ನಾಲ್ಕು ತಂತಿಗಳು ಒಟ್ಟಾಗಿ ನೆಕ್ಕನ್ನು 70 ಕಿಲೋಗೂ ಮೀರಿದ ಬಲದಿಂದ ಮುಂದಕ್ಕೆ ಎಳೆಯುತ್ತಿರುತ್ತವೆ. ಮರದೊಳಗೆ ಕೂತ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹಿಂದಕ್ಕೆ ಎಳೆದು ಅದನ್ನು ಸಮತೂಗಿಸುತ್ತದೆ. ‘ಜೋಪಾನವಾಗಿರಲಿ’ ಎಂದು ತಂತಿ ಬಿಚ್ಚಿ ವರ್ಷಗಟ್ಟಲೆ ಇಟ್ಟರೆ ಸರಳಿನ ಎಳೆತವೊಂದೇ ಉಳಿದು ನೆಕ್ ಹಿಮ್ಮುಖವಾಗಿ ಬಾಗುತ್ತದೆ. ಪೂರ್ತಿ ಶ್ರುತಿಯಲ್ಲೇ ಬಿಟ್ಟು ಮರೆತರೆ ಮುಂದಕ್ಕೆ ಬಾಗಬಹುದು.

ಇದರ ಮೇಲೆ ನಮ್ಮ ಮಳೆ. ಬೆಳಗಾವಿಯದೇ ಸಾಕಷ್ಟು ಥಂಡಿ, ಖಾನಾಪುರದ ಆಚೆ ಜಾಂಬೋಟಿ, ಕಣಕುಂಬಿ ಕಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಟವೆಲ್ ನೋಡುವುದೇ ಅಪರೂಪ. ಮರ ತೇವ ಹೀರುತ್ತದೆ, ಮಾರ್ಚ್ ಬಿಸಿಲಿಗೆ ಅದನ್ನೇ ಬಿಟ್ಟುಕೊಡುತ್ತದೆ. ವಾದ್ಯಕ್ಕೆ ಹಿತವಾದದ್ದು ಶೇ. 45ರಿಂದ 55ರ ಆರ್ದ್ರತೆ. ಗಿಗ್ ಬ್ಯಾಗಿನ ಫೋಮು ಒಮ್ಮೆ ನೆನೆದರೆ ತಿಂಗಳುಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ತಂತಿಗೆ ತುಕ್ಕು, ಫ್ರೆಟ್‌ಗೆ ಹಸಿರು ಕಿಲುಬು, ಬೆಲ್ಟಿಗೆ ಬೂಸರು, ನಾಬ್ ತಿರುಗಿಸಿದರೆ ಕರಕರ. ಇದರಲ್ಲಿ ಬಹುಪಾಲು ಒಂದು ರವಿವಾರದ ಕೆಲಸದಲ್ಲಿ ಸರಿಹೋಗುವಂಥದ್ದು. ಆದರೆ ಕೊಳ್ಳಲು ಬಂದವನಿಗೆ ಅದು ತಿಳಿಯದು. ಕರಕರ ಕೇಳಿದ ಕೂಡಲೇ ಅವನು ಮನಸ್ಸಿನಲ್ಲೇ ಬೆಲೆಯನ್ನು ಅರ್ಧಕ್ಕಿಳಿಸುತ್ತಾನೆ. ಆಮೇಲೆ ನೀವು ಎಷ್ಟು ವಾದಿಸಿದರೂ ಅದು ಏರುವುದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಮನೆಯವರ ಒತ್ತಾಯ ಸಾಮಾನ್ಯವಾಗಿ ಹೀಗಿರುತ್ತದೆ: ‘ಆ ದೊಡ್ಡ ಸ್ಪೀಕರ್ ಡಬ್ಬಿ ಮೊದಲು ಕಳಿಸ್ರಿ, ಕಸ ಹೊಡಿಯಾಕ ಜಾಗಾ ಇಲ್ಲ.’ ಈ ಮಾತನ್ನು ಕೇಳಬೇಡಿ. ಆಂಪ್ ಹೋದ ಮೇಲೆ ಉಳಿದ ಬೇಸ್‌ಗಳನ್ನು ಯಾರಿಗೂ ನುಡಿಸಿ ತೋರಿಸಲು ಆಗುವುದಿಲ್ಲ. ಅದು ಕೊನೆಯ ಬೇಸ್ ಜೊತೆಗೇ ಹೋಗಬೇಕು. ಹೊಸದಾಗಿ ಕಲಿಯುವವರಿಗೆ ಬೇಸ್, ಆಂಪ್, ಕೇಬಲ್ ಮೂರೂ ಒಟ್ಟಿಗೆ ಬೇಕಾಗಿರುತ್ತವೆ, ಹಾಗಾಗಿ ಬೆಲೆಯೂ ಕೂಡಿಬರುತ್ತದೆ.

ಪೆಡಲ್‌ಗಳಿಂದ ಶುರುಮಾಡಿ. ಚಿಕ್ಕವು, ಕೊರಿಯರ್‌ಗೆ ಸುಲಭ, ಮಾರಾಟದ ಕೈ ಪಳಗಲು ಅನುಕೂಲ. ನಂತರ ನೀವು ಕಡಿಮೆ ನುಡಿಸುವ ಬೇಸ್. ಭುಜದ ನೋವಿನಿಂದ ಬಿಡುತ್ತಿರುವವರು ಎಲ್ಲವನ್ನೂ ಕಳೆದುಕೊಳ್ಳಬೇಕಾಗಿಲ್ಲ. 30 ಇಂಚಿನ ಅಳತೆಯ ಶಾರ್ಟ್ ಸ್ಕೇಲ್ ಬೇಸ್‌ಗಳೂ ಇವೆ, ಕೈ ಅಷ್ಟು ಚಾಚಬೇಕಾಗಿಲ್ಲ. ದೊಡ್ಡ ಎರಡನ್ನು ಮಾರಿ ಅಂಥದ್ದೊಂದು ತಂದು ಮನೆಯಲ್ಲಿ ಕೂತು ನುಡಿಸುವವರು ನನ್ನ ಪ್ರಕಾರ ಜಾಣರು.

ವಾದ್ಯವನ್ನು ಸಜ್ಜುಗೊಳಿಸುವುದು

1. ನಾಲ್ಕು ದಿನ ಶ್ರುತಿಯಲ್ಲಿಡಿ. ತಂತಿ ಸಡಿಲಾಗಿದ್ದರೆ ನಿಧಾನ ಬಿಗಿ ಮಾಡಿ ಶ್ರುತಿಗೆ ತಂದು ಕೆಲವು ದಿನ ಬಿಡಿ. ನೆಕ್ ತನ್ನ ಜಾಗಕ್ಕೆ ಬರಲು ಸಮಯ ಬೇಕು. ಮೊದಲ ದಿನವೇ ನೋಡಿ ‘ನೆಕ್ ಹೋಯಿತು’ ಎಂದು ತೀರ್ಮಾನಿಸಬೇಡಿ.

2. ಬಾಗು ನೋಡಿ. ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ, ಬಲಗೈಯಿಂದ ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ, ಮೂರ್ನಾಲ್ಕು ಕಾರ್ಡ್ ಹಿಡಿಯುವಷ್ಟಿದ್ದರೆ ಮುಂದಕ್ಕೆ. ಸರಿಪಡಿಸುವ ಧೈರ್ಯವಿದ್ದರೆ ಸರಿಯಾದ ಅಳತೆಯ ಅಲೆನ್ ಕೀ ಹಾಕಿ ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮರುದಿನ ನೋಡಿ. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಸರಳು ಬಿಗಿಯಾಗಿ ಮುಂಬಾಗು ಕಡಿಮೆಯಾಗುತ್ತದೆ. ಕೀ ತಿರುಗಲು ಒಪ್ಪದಿದ್ದರೆ ಅಲ್ಲಿಗೇ ಬಿಟ್ಟು ತಿಳಿದವರ ಹತ್ತಿರ ಒಯ್ಯಿರಿ. ಮುರಿದ ಟ್ರಸ್ ರಾಡ್ ಇರುವ ಬೇಸ್ ಯಾರಿಗೂ ಬೇಡ.

3. ತಂತಿಗೆ ಖರ್ಚು ಮಾಡಬೇಕೇ? ಬೇಸ್ ತಂತಿಯ ಒಂದು ಸೆಟ್‌ಗೆ ಸಾಮಾನ್ಯ ಗಿಟಾರ್ ತಂತಿಯ ಹಲವು ಪಟ್ಟು ಹಣ ತೆರಬೇಕು. ವಾದ್ಯ ಒಳ್ಳೆಯ ಕಂಪನಿಯದಾಗಿದ್ದರೆ ಹೊಸ ತಂತಿ ಹಾಕಿ, ಹಾಕಿದ ಖರ್ಚು ಹುಟ್ಟುತ್ತದೆ. ಅಗ್ಗದ್ದಾಗಿದ್ದರೆ ಹಳೆಯದನ್ನೇ ಬಿಚ್ಚಿ ಪಾತ್ರೆಯಲ್ಲಿ ಕೆಲವು ನಿಮಿಷ ಕುದಿಸಿ, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಹಾಕಿ. ಸುತ್ತುಗಳ ನಡುವೆ ಕೂತ ಕೊಳೆ, ಬೆವರಿನ ಜಿಡ್ಡು ಬಿಟ್ಟು ದನಿ ತುಸು ಹೊಳೆಯುತ್ತದೆ. ಕೆಲವೇ ದಿನಗಳ ಮಾತು, ಕೊಳ್ಳುವವರಿಗೆ ಅದನ್ನು ಹೇಳಿಬಿಡಿ. ತುಕ್ಕು ಹಿಡಿದ ತಂತಿ ಮಾತ್ರ ಬೇಡವೇ ಬೇಡ, ಅದು ಫ್ರೆಟ್ಟನ್ನೂ ತಿನ್ನುತ್ತದೆ.

4. ಫ್ರೆಟ್‌ಬೋರ್ಡ್ ಯಾವ ಮರದ್ದೆಂದು ತಿಳಿದು ಒರೆಸಿ. ಕಂದು ಬಣ್ಣದ, ಮೆರುಗೆಣ್ಣೆ ಇಲ್ಲದ ಬೋರ್ಡು ಹೆಚ್ಚಾಗಿ ರೋಸ್‌ವುಡ್, ಎಂದರೆ ನಮ್ಮ ಬೀಟೆಯ ಕುಲ. ಖಾನಾಪುರದ ಕಾಡಿನವರಿಗೆ ಈ ಮರದ ಪರಿಚಯ ಹೇಳಬೇಕಾಗಿಲ್ಲ. ಇದಕ್ಕೆ ಫ್ರೆಟ್‌ಬೋರ್ಡ್‌ಗೆಂದೇ ಸಿಗುವ ಎಣ್ಣೆಯ ಎರಡು ಹನಿ ಸಾಕು, ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ತಿಳಿ ಬಣ್ಣದ, ಹೊಳಪಿನ ಮೇಪಲ್ ಬೋರ್ಡಿಗೆ ಎಣ್ಣೆ ಬೇಡ, ಮೆತ್ತನೆಯ ಬಟ್ಟೆ ಸಾಕು. ಕೊಬ್ಬರಿ ಎಣ್ಣೆಯನ್ನು ಎರಡಕ್ಕೂ ಮುಟ್ಟಿಸಬೇಡಿ, ಅದು ಕಮಟಾಗಿ ದೂಳು ಹಿಡಿಯುತ್ತದೆ.

5. ಫ್ರೆಟ್‌ಗೆ ಹೊಳಪು. ಅತಿ ನಯದ ಸ್ಟೀಲ್ ವೂಲ್‌ನಿಂದ ಉಜ್ಜುವವರು ಮೊದಲು ಪಿಕಪ್‌ಗಳ ಮೇಲೆ ಪೇಪರ್ ಟೇಪ್ ಅಂಟಿಸಬೇಕು. ಪಿಕಪ್ ಎಂದರೆ ಆಯಸ್ಕಾಂತ. ಉದುರಿದ ಕಬ್ಬಿಣದ ಪುಡಿಯನ್ನೆಲ್ಲ ಅದು ಎಳೆದುಕೊಂಡರೆ ತೆಗೆಯುವುದು ಸಾಹಸ.

6. ನಾಬ್‌ನ ಕರಕರ. ಒಳಗೆ ದೂಳು, ಕಿಲುಬು ಕೂತಿರುತ್ತದೆ. ನಾಬನ್ನು ಕೊನೆಯಿಂದ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿದರೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಇಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಇದಕ್ಕಲ್ಲ.

7. ಬ್ಯಾಟರಿ ತೆರೆದು ನೋಡಿ. ಆ್ಯಕ್ಟಿವ್ ಬೇಸ್‌ಗಳ ಹಿಂಬದಿಯಲ್ಲಿ 9 ವೋಲ್ಟಿನ ಬ್ಯಾಟರಿ ಇರುತ್ತದೆ. ವರ್ಷಗಳ ಹಿಂದಿನದು ಸೋರಿ ತಂತುಗಳನ್ನು ತಿಂದಿರಬಹುದು. ಹೊಸದು ಹಾಕಿ, ನುಡಿಸದಾಗ ಕೇಬಲ್ ಕಿತ್ತಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಗುಂಯ್‌ಗುಡುವ ಸದ್ದಿನ ವಿಚಾರ

ಇದನ್ನು ಬೇರೆಯಾಗಿಯೇ ಹೇಳಬೇಕು, ಅನೇಕ ವ್ಯವಹಾರಗಳು ಮುರಿಯುವುದು ಇಲ್ಲೇ. ಹಳೆಯ ಗಲ್ಲಿಗಳ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಅಂಥಲ್ಲಿ ಆಂಪ್ ಹಚ್ಚಿದರೆ ಗುಂಯ್ ಎನ್ನುತ್ತದೆ. ಕೊಳ್ಳುವವನು ಅದನ್ನು ಬೇಸ್‌ನ ದೋಷವೆಂದೇ ತಿಳಿಯುತ್ತಾನೆ.

ಪರೀಕ್ಷೆ ಸುಲಭ. ಕೈ ತಂತಿಗೆ ತಾಗಿದಾಗ ಸದ್ದು ಕಡಿಮೆಯಾದರೆ ಬೇಸ್ ಒಳಗಿನ ಗ್ರೌಂಡ್ ಜೋಡಣೆ ಸರಿಯಿದೆ. ತಾಗಿದಾಗ ಹೆಚ್ಚಾದರೆ ಬೇಸ್ ಒಳಗೋ ಕೇಬಲ್‌ನಲ್ಲೋ ಜೋಡಣೆ ತಪ್ಪಿದೆ. ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ಬೆಸುಗೆ ಬಲ್ಲವರಿಗೆ ತೋರಿಸಿ. ತಂತಿ ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ಮಾತ್ರ ತಕ್ಷಣ ಪ್ಲಗ್ ಕೀಳಿ. ಇಲೆಕ್ಟ್ರಿಶಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಅದನ್ನು ಮತ್ತೆ ಹಚ್ಚಬೇಡಿ. ಇದು ಬೆಲೆಯ ಪ್ರಶ್ನೆಯಲ್ಲ, ಜೀವದ್ದು.

ವಿದೇಶದಲ್ಲಿದ್ದ ನೆಂಟರು ತಂದುಕೊಟ್ಟ ಆಂಪ್ ಆಗಿದ್ದರೆ ಹಿಂಬದಿಯ ಪಟ್ಟಿ ಓದಿ. ಅಮೆರಿಕದ್ದು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಬೇಕೆಂಬುದನ್ನು ಕೊಳ್ಳುವವರಿಗೆ ಬರೆದೇ ಕೊಡಿ. ವಾಲ್ವ್ ಆಂಪ್‌ಗಳನ್ನು ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಬೆಲೆ ಎಷ್ಟು ಹೇಳಬೇಕು

ನೀವು ಕೊಟ್ಟ ಬೆಲೆಯನ್ನು ಮರೆತುಬಿಡಿ. ಅದೇ ಮಾದರಿ ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದೊಂದೇ ಲೆಕ್ಕ. ಚೆನ್ನಾಗಿ ನುಡಿಯುವ ಬೇಸ್‌ಗೆ ಅದರ ಅರ್ಧದಿಂದ ಮೂರನೇ ಎರಡರವರೆಗೆ ಕೇಳುವುದು ನ್ಯಾಯ ಎಂದು ನನಗನಿಸುತ್ತದೆ. ಯಮಾಹಾ, ಐಬನೆಜ್, ಕೋರ್ಟ್, ಫೆಂಡರ್‌ನ ಅಗ್ಗದ ಸಾಲಾದ ಸ್ಕ್ವಾಯರ್ ಇವುಗಳಿಗೆ ಹೆಸರೇ ಅರ್ಧ ಮಾರಾಟ ಮಾಡಿಕೊಡುತ್ತದೆ. ಹೆಸರಿಲ್ಲದ ಅಗ್ಗದ ವಾದ್ಯಕ್ಕೆ ಹೆಚ್ಚು ಕೇಳಿ ಆರು ತಿಂಗಳು ಕಾಯುವುದಕ್ಕಿಂತ ಬಂದಷ್ಟಕ್ಕೆ ಕೊಡಿ.

ಪಿಕಪ್ ಬದಲಿಸಿದ್ದೀರಿ, ದುಬಾರಿ ಬ್ರಿಜ್ ಹಾಕಿಸಿದ್ದೀರಿ ಎಂದಿಟ್ಟುಕೊಳ್ಳಿ. ಆ ಖರ್ಚು ವಾಪಸು ಬರುವುದಿಲ್ಲ. ಮೂಲ ಭಾಗಗಳನ್ನು ಎತ್ತಿಟ್ಟಿದ್ದರೆ ಅವನ್ನೇ ಮತ್ತೆ ಕೂರಿಸಿ, ಹಾಕಿಸಿದ್ದನ್ನು ಬೇರೆಯಾಗಿ ಮಾರಿ.

ಕೊಳ್ಳುವವರು ಎಲ್ಲಿದ್ದಾರೆ

ಮೊದಲು ಊರೊಳಗೇ ನೋಡಿ. ವಿಟಿಯು ಇರುವ ಊರಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಬರವಿಲ್ಲ. ಕಾಲೇಜು ಹಬ್ಬಗಳ ಮುಂಚೆ ಪ್ರತಿ ಬ್ಯಾಂಡಿಗೂ ಒಬ್ಬ ಬೇಸಿಸ್ಟ್ ಬೇಕಾಗುತ್ತಾನೆ, ಮೂರು ಜನ ಗಿಟಾರಿನವರಲ್ಲಿ ಒಬ್ಬನನ್ನು ಒಪ್ಪಿಸಿ ಬೇಸ್ ಕೈಗೆ ಕೊಡುತ್ತಾರೆ. ಅವನ ಹತ್ತಿರ ಹೊಸದಕ್ಕೆ ದುಡ್ಡಿರುವುದಿಲ್ಲ. ಚರ್ಚಿನ ಗಾಯನ ತಂಡಗಳಿಗೆ ಕ್ರಿಸ್‌ಮಸ್‌ಗೆ ಮುಂಚೆ, ಆರ್ಕೆಸ್ಟ್ರಾದವರಿಗೆ ಗಣೇಶ ಹಬ್ಬ ಮತ್ತು ತುಳಸಿ ಲಗ್ನದ ನಂತರದ ಮದುವೆಗಳ ಕಾಲದಲ್ಲಿ ವಾದ್ಯ ನೆನಪಾಗುತ್ತದೆ.

ಊರಲ್ಲಿ ಆಗದಿದ್ದರೆ ಪಶ್ಚಿಮಕ್ಕೆ ತಿರುಗಿ. ಹುಬ್ಬಳ್ಳಿ, ಕೊಲ್ಹಾಪುರಗಳಿಗಿಂತ ಬೇಸ್‌ಗೆ ಗಿರಾಕಿ ಸಿಗುವುದು ಗೋವಾದಲ್ಲಿ. ಬಾಂಬೆಯ ಚಿತ್ರರಂಗದ ವಾದ್ಯವೃಂದಗಳನ್ನು ತುಂಬಿದ ಸಂಗೀತಗಾರರ ನಾಡದು. ಇಂದಿಗೂ ಹೋಟೆಲು, ಮದುವೆ, ಚರ್ಚಿನ ಫೆಸ್ತಾ ಎಲ್ಲದಕ್ಕೂ ಬ್ಯಾಂಡ್ ಬೇಕು. ಪ್ರವಾಸಿ ಕಾಲ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಹಾಗಾಗಿ ಸೆಪ್ಟೆಂಬರ್ ಕೊನೆಗೆ ಜಾಹೀರಾತು ಹಾಕಿ. ಜುಲೈನಲ್ಲಿ ಗಿಗ್ ಬ್ಯಾಗ್ ಹೊತ್ತು ಬೈಕಿನ ಮೇಲೆ ಚೋರ್ಲಾ ಘಾಟ್ ಇಳಿಯುವ ಸಾಹಸ ಯಾರಿಗೂ ಬೇಡ.

ವಾದ್ಯದ ಅಂಗಡಿಯವರು ಎಕ್ಸ್‌ಚೇಂಜ್‌ಗೆ ತೆಗೆದುಕೊಂಡರೂ ದರ ಕಡಿಮೆ. ಅವರಿಗೂ ಲಾಭ ಬೇಕಲ್ಲ.

ಜಾಹೀರಾತಿನಲ್ಲಿ ವರ್ಣನೆ ಬೇಡ, ಸಂಗತಿ ಸಾಕು. ಈ ಧಾಟಿಯಲ್ಲಿ: ‘ನಾಲ್ಕು ತಂತಿಯ ಬೇಸ್. ನೆಕ್ ನೇರ, ಟ್ರಸ್ ರಾಡ್ ಕೆಲಸ ಮಾಡುತ್ತದೆ. ಹಿಂಬದಿಯಲ್ಲಿ ಬೆಲ್ಟ್ ಬಕಲ್ ಗೀರುಗಳಿವೆ, ಫೋಟೊ ಇದೆ. ಟೋನ್ ನಾಬ್ ಬದಲಿಸಿದ್ದು. ಟಿಳಕವಾಡಿಗೆ ಬಂದು ನುಡಿಸಿ ನೋಡಬಹುದು.’ ಇದನ್ನೇ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹಾಕಿದರೆ ನಮ್ಮೂರಿನ ಮಟ್ಟಿಗೆ ಎಲ್ಲರನ್ನೂ ಮುಟ್ಟಿದಂತೆ. ಫೋಟೊ ಬೆಳಗಿನ ನೆರಳಿನಲ್ಲಿ ತೆಗೆಯಿರಿ. ಹೆಡ್‌ಸ್ಟಾಕ್, ಸೀರಿಯಲ್ ನಂಬರ್, ಫ್ರೆಟ್‌ಗಳು, ಪ್ರತಿಯೊಂದು ಗೀರು ಕಾಣಬೇಕು.

ವೀಡಿಯೊ ಹಾಕುವವರಿಗೊಂದು ಮಾತು. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ದನಿಯನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ‘ಇಯರ್‌ಫೋನ್ ಹಾಕಿ ಕೇಳಿ’ ಎಂದು ಬರೆಯದಿದ್ದರೆ ಒಳ್ಳೆಯ ಬೇಸ್ ಕೂಡ ಡಬ್ಬಿ ಬಡಿದಂತೆ ಕೇಳಿಸುತ್ತದೆ.

ನೋಡಲು ಬಂದಾಗ

ಫೋನು ಬರುವುದು ಹೀಗೆ: ‘ಕಾಕಾ, ಲಾಸ್ಟ್ ಎಷ್ಟಕ್ಕ ಕೊಡ್ತೀರಿ?’ ಉತ್ತರವೂ ಸಿದ್ಧವಿರಲಿ: ‘ಮೊದ್ಲ ಬಂದು ಬಾರ್ಸಿ ನೋಡಪಾ, ಆಮ್ಯಾಲ ರೇಟ್ ಮಾತಾಡೂಣು.’ ನುಡಿಸದವನ ಜೊತೆ ಫೋನಿನಲ್ಲಿ ಬೆಲೆ ಇಳಿಸಿದರೆ ಅವನು ಬಂದ ಮೇಲೆ ಮತ್ತೊಮ್ಮೆ ಇಳಿಸಬೇಕಾಗುತ್ತದೆ.

ಅಪರಿಚಿತರನ್ನು ಮನೆಗೆ ಕರೆಯಲು ಹಿಂಜರಿಯುವವರು ಕೋಟೆ ಕೆರೆಯ ಹತ್ತಿರ ಭೇಟಿ ಎನ್ನುತ್ತಾರೆ. ಹಣ ಎಣಿಸಲು ಅದು ಒಳ್ಳೆಯ ಜಾಗವೇ, ಆದರೆ ಅಲ್ಲಿ ಪ್ಲಗ್ ಎಲ್ಲಿದೆ? ಪರಿಚಯದ ಗಿಟಾರ್ ಕ್ಲಾಸು ಅಥವಾ ತಾಲೀಮು ಕೋಣೆ ಸಿಕ್ಕರೆ ಉತ್ತಮ. ಮನೆಯಲ್ಲಾದರೆ ಹಗಲು ಹೊತ್ತು, ಇನ್ನೊಬ್ಬರು ಜೊತೆಗಿರುವಾಗ. ಖಾನಾಪುರ ಕಡೆಯವರು ಮಳೆಗಾಲದಲ್ಲಿ ಕರೆಂಟ್ ಇದೆಯೇ ಎಂದು ನೋಡಿಕೊಂಡೇ ಕರೆಯಿರಿ. ಬೇಸನ್ನು ಮನೆಯ ಹಾಡು ಕೇಳುವ ಸ್ಪೀಕರ್‌ಗೆ ಜೋಡಿಸಿ ಜೋರು ಮಾಡಬೇಡಿ, ಸ್ಪೀಕರ್ ಹರಿಯುತ್ತದೆ.

ಬಂದವನು ಪ್ರತಿ ಫ್ರೆಟ್ ಒತ್ತಿ ನೋಡಲಿ, ಅವಸರ ಮಾಡಬೇಡಿ. ನಿಮಗೆ ಗೊತ್ತಿರುವ ದೋಷವನ್ನು ಅವನು ಕಂಡುಹಿಡಿಯುವ ಮೊದಲೇ ಹೇಳಿ. ಸಾಧ್ಯವಾದರೆ ನೀವೂ ಒಂದು ಹಾಡಿನಷ್ಟು ನುಡಿಸಿ. ಕಲಿಯುವ ಹುಡುಗನಿಗೆ ತನ್ನ ಕೈಯಲ್ಲಿ ಬಾರದ ದನಿ ಅದೇ ವಾದ್ಯದಲ್ಲಿ ಬರುವುದು ಕಂಡರೆ ಉಳಿದ ಮಾತು ಸಲೀಸು.

ಹಣದ ವಿಷಯದಲ್ಲಿ ಎಚ್ಚರಿಕೆ

ಓಎಲ್‌ಎಕ್ಸ್‌ನಂಥ ಕಡೆ ಹಳೆ ಸಾಮಾನು ಮಾರುವವರನ್ನು ಹಿಡಿಯುವ ಒಂದು ಹಳೆಯ ಬಲೆ ಇದೆ. ಕರೆ ಮಾಡಿದವನು ತಾನು ಸೈನಿಕ, ವರ್ಗಾವಣೆಯಲ್ಲಿದ್ದೇನೆ, ನೋಡದೆಯೇ ಕೊಳ್ಳುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾನೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ನಮ್ಮೂರಿನಲ್ಲಿ ಈ ಕಥೆ ಬೇಗ ನಂಬಿಕೆ ಹುಟ್ಟಿಸುತ್ತದೆ. ನಂತರ ‘ಹಣ ಪಡೆಯಲು’ ಎಂದು ಒಂದು ಕ್ಯೂಆರ್ ಕೋಡ್ ಬರುತ್ತದೆ.

ಯುಪಿಐ ವ್ಯವಸ್ಥೆಯಲ್ಲಿ ನಿಮಗೆ ಹಣ ಬರಲು ನೀವು ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಅಲ್ಲಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ಹಣ ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿದರೂ ನಂಬಬೇಡಿ, ನಿಮ್ಮ ಖಾತೆ ತೆರೆದು ಜಮೆ ನೋಡಿದ ಮೇಲೆಯೇ ವಾದ್ಯ ಕೈಬಿಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಾರಿದ ಮೇಲೆ ಒಂದು ಹಾಳೆಯ ರಸೀದಿ ಬರೆಯಿರಿ: ದಿನಾಂಕ, ಮಾದರಿ, ಸೀರಿಯಲ್ ನಂಬರ್, ಮೊತ್ತ, ಇಬ್ಬರ ಸಹಿ. ಮುಂದೆ ಯಾರಾದರೂ ಕದ್ದ ಮಾಲೆಂದು ಕೇಳಿದರೆ ಇಬ್ಬರಿಗೂ ಆಧಾರ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗೀರು ಮುಚ್ಚಲು ಬಣ್ಣ ಬಳಿಸುವುದು. ಮೂಲ ಬಣ್ಣದ ಮೇಲಿನ ಗೀರಿಗೆ ಬೆಲೆ ಸ್ವಲ್ಪ ಇಳಿದರೆ, ಗ್ಯಾರೇಜಿನ ಸ್ಪ್ರೇ ಹೊಡೆದ ಬೇಸ್‌ಗೆ ಪೂರ್ತಿ ಇಳಿಯುತ್ತದೆ.

ಮಾರುವ ಹಿಂದಿನ ರಾತ್ರಿ ಟ್ರಸ್ ರಾಡ್ ತಿರುಗಿಸುವುದು. ಮರಕ್ಕೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕು, ಬೆಳಿಗ್ಗೆ ಬಂದವನ ಕೈಯಲ್ಲಿ ತಂತಿ ಝರ್ ಎನ್ನುತ್ತದೆ.

ಪಾರ್ಸೆಲ್‌ನಲ್ಲಿ ಗಿಗ್ ಬ್ಯಾಗ್ ಒಂದನ್ನೇ ನಂಬುವುದು. ಬಸ್ಸಿನ ಡಿಕ್ಕಿಯಲ್ಲಿ ಮುರಿಯುವುದು ಹೆಡ್‌ಸ್ಟಾಕ್. ತಂತಿಯನ್ನು ಒಂದೆರಡು ಸ್ವರದಷ್ಟು ಇಳಿಸಿ, ಹೆಡ್‌ಸ್ಟಾಕ್ ಕೆಳಗೆ, ಮೇಲೆ, ಎರಡೂ ಬದಿ ಅಲುಗದಂತೆ ಬಟ್ಟೆ ತುರುಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ. ನಾಲ್ಕು ಸ್ಕ್ರೂಗಳಿಂದ ಕೂರಿಸಿದ ನೆಕ್ ಆಗಿದ್ದರೆ ಬಿಚ್ಚಿ ಕಳಿಸಬಹುದು, ಪೆಟ್ಟಿಗೆ ಚಿಕ್ಕದಾಗುತ್ತದೆ. ಬಿಚ್ಚುವಾಗಲೇ ಫೋಟೊ ತೆಗೆದು ಕೊಳ್ಳುವವರಿಗೆ ಕಳಿಸಿ.

ಉಳಿದ ಕೇಬಲ್, ಬೆಲ್ಟ್, ಸ್ಟ್ಯಾಂಡ್, ಟ್ಯೂನರ್ ಇವಕ್ಕೆ ಬಿಡಿಯಾಗಿ ಬೆಲೆ ಕಟ್ಟುತ್ತ ಕೂರಬೇಡಿ, ಕೊನೆಯ ಬೇಸ್ ಜೊತೆ ಕೊಟ್ಟುಬಿಡಿ. ಹಾಡುಗಳ ಕಾರ್ಡ್ ಬರೆದ ನೋಟ್‌ಬುಕ್ ಕೇಳಿದರೆ ಝೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮದೇ. ಕೆಟ್ಟ ಆಂಪನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ರಿಪೇರಿಯವರನ್ನು ಕೇಳಿ. ಸ್ಪೀಕರ್, ಟ್ರಾನ್ಸ್‌ಫಾರ್ಮರ್ ಎರಡೇ ಸರಿಯಿದ್ದರೂ ಬಿಡಿಭಾಗಕ್ಕೆಂದು ಅವರೇ ಬಂದು ಹೊತ್ತುಕೊಂಡು ಹೋಗುತ್ತಾರೆ.